ಶೃಂಗಾರ ಸಾಮಗ್ರಿಗಳಲ್ಲಿ ಕೃತಕ ಬಣ್ಣ: ಸುರಕ್ಷತೆ, ಬಳಕೆ ಮತ್ತು ಶ್ರಾವಕರ ವಿವೇಕ

ಭೀಮಾ ನದಿ ದಂಡೆಯ ಅಗರಖೇಡವಿರಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿರಲಿ, ವಿಜಯಪುರ ಜಿಲ್ಲೆಯ ಸಂತೆ, ಜಾತ್ರೆಗಳಲ್ಲಿ ಕುಂಕುಮ ತೂಕಕ್ಕೆ ಸಿಗುತ್ತದೆ. ಬಳೆ ಅಂಗಡಿಯಲ್ಲೇ ಲಿಪ್‌ಸ್ಟಿಕ್, ಉಗುರು ಬಣ್ಣ, ಮೆಹಂದಿ ಕೋನ್, ತಲೆಗೂದಲಿಗೆ ಹಚ್ಚುವ ಕಪ್ಪು ಪುಡಿಯ ಪೊಟ್ಟಣಗಳೂ ದೊರೆಯುತ್ತವೆ. ಇವುಗಳಲ್ಲಿ ಬಹುಪಾಲಿಗೆ ಬಣ್ಣ ಬರುವುದು ಕಾರ್ಖಾನೆಯಲ್ಲಿ ತಯಾರಾದ ಕೃತಕ ವರ್ಣದ್ರವ್ಯದಿಂದ.

ಈ ವಿಷಯದಲ್ಲಿ ಜೈನ ಕುಟುಂಬಗಳು ಎರಡು ಪ್ರಶ್ನೆ ಕೇಳಬೇಕಾಗುತ್ತದೆ. ಹಚ್ಚಿಕೊಂಡವರ ದೇಹಕ್ಕೆ ಇದರಿಂದ ಹಾನಿಯಿದೆಯೇ ಎಂಬುದು ಮೊದಲನೆಯದು. ಇದರ ತಯಾರಿಕೆಯಲ್ಲಿ ಜೀವಹಿಂಸೆಯಾಗಿದೆಯೇ ಎಂಬುದು ಎರಡನೆಯದು. "ನೈಸರ್ಗಿಕ ಎಂದರೆ ಒಳ್ಳೆಯದು, ಕೃತಕ ಎಂದರೆ ಕೆಟ್ಟದ್ದು" ಎಂಬ ಸಾಮಾನ್ಯ ನಂಬಿಕೆ ಈ ಎರಡಕ್ಕೂ ಸರಿಯಾದ ಉತ್ತರ ಕೊಡುವುದಿಲ್ಲ. ಕೀಟಗಳನ್ನು ಕೊಂದು ತೆಗೆದ ಕೆಂಪು ಬಣ್ಣವೂ ನೈಸರ್ಗಿಕವೇ. ಯಾವ ಪ್ರಾಣಿಮೂಲವೂ ಇಲ್ಲದ ಕೃತಕ ಬಣ್ಣವೊಂದು ಕೆಲವರಿಗೆ ತೀವ್ರ ಅಲರ್ಜಿ ತರಬಲ್ಲದು. ಆದ್ದರಿಂದ ಬಣ್ಣ ಯಾವುದು, ಎಲ್ಲಿಂದ ಬಂದದ್ದು, ದೇಹದ ಯಾವ ಭಾಗಕ್ಕೆ ಹಚ್ಚುವುದು ಎಂಬುದನ್ನು ಒಂದೊಂದಾಗಿ ನೋಡಬೇಕು.

ಬಣ್ಣಗಳಲ್ಲಿ ಎಷ್ಟು ಬಗೆ

ಶೃಂಗಾರ ಸಾಮಗ್ರಿಗಳಿಗೆ ಬಳಸುವ ಬಣ್ಣಗಳನ್ನು ಮೂಲದ ಪ್ರಕಾರ ಮೂರು ಗುಂಪು ಮಾಡಬಹುದು.

ಒಂದು, ಕೃತಕ ಸಾವಯವ ಬಣ್ಣಗಳು. ಇವು ಹಿಂದೆ ಕಲ್ಲಿದ್ದಲ ಡಾಂಬರಿನಿಂದ ಬರುತ್ತಿದ್ದವು, ಈಗ ಹೆಚ್ಚಾಗಿ ಪೆಟ್ರೋಲಿಯಂ ಮೂಲದ ರಾಸಾಯನಿಕಗಳಿಂದ ತಯಾರಾಗುತ್ತವೆ. ಲಿಪ್‌ಸ್ಟಿಕ್, ಸೋಪು, ಶಾಂಪೂಗಳ ಗಾಢ ಕೆಂಪು, ಹಳದಿ, ನೀಲಿಗಳಲ್ಲಿ ಬಹುಪಾಲು ಇವೇ.

ಎರಡು, ಖನಿಜ ಬಣ್ಣಗಳು. ಕೆಂಪು, ಹಳದಿ, ಕಪ್ಪು ಬಣ್ಣದ ಕಬ್ಬಿಣದ ಆಕ್ಸೈಡ್‌ಗಳು, ಬಿಳಿಯ ಟೈಟಾನಿಯಂ ಡೈಆಕ್ಸೈಡ್, ಮಿನುಗು ಕೊಡುವ ಅಭ್ರಕ ಈ ಗುಂಪಿನವು. ಫೌಂಡೇಶನ್, ಕಾಂಪ್ಯಾಕ್ಟ್ ಪುಡಿಗಳ ಬಣ್ಣ ಸಾಮಾನ್ಯವಾಗಿ ಇವುಗಳಿಂದಲೇ ಬರುತ್ತದೆ.

ಮೂರು, ಸಸ್ಯ ಮತ್ತು ಪ್ರಾಣಿ ಮೂಲದ ಬಣ್ಣಗಳು. ಅರಿಶಿನ, ಮದರಂಗಿ, ರಂಗಮಾಲೆ ಬೀಜ ಸಸ್ಯಮೂಲದವು. ಕಾರ್ಮೈನ್, ಅರಗಿನ ಬಣ್ಣ, ಮೀನಿನ ಹೊಳಪು ಪ್ರಾಣಿಮೂಲದವು.

ಲೇಬಲ್‌ಗಳಲ್ಲಿ ಹಲವು ಕಡೆ 'ಲೇಕ್' ಎಂಬ ಪದ ಕಾಣುತ್ತದೆ. ನೀರಿನಲ್ಲಿ ಕರಗುವ ಬಣ್ಣವನ್ನು ಅಲ್ಯೂಮಿನಿಯಂ, ಕ್ಯಾಲ್ಸಿಯಂ ಮುಂತಾದ ಲೋಹದ ಲವಣದ ಜೊತೆ ಕೂಡಿಸಿ ಕರಗದಂತೆ ಮಾಡಿದ ಪುಡಿಗೆ ಆ ಹೆಸರು. ಲಿಪ್‌ಸ್ಟಿಕ್‌ನ ಬಣ್ಣ ತುಟಿಯಿಂದ ಬೇಗ ಹರಿದುಹೋಗದೆ ನಿಲ್ಲುವುದು ಇದರಿಂದ.

ಪ್ರತಿ ಬಣ್ಣಕ್ಕೂ ಜಗತ್ತಿನ ಎಲ್ಲ ದೇಶಗಳಲ್ಲೂ ಒಂದೇ ಆಗಿರುವ ಐದಂಕಿಯ ಸಂಖ್ಯೆಯೊಂದಿದೆ. ಅದನ್ನು ಕಲರ್ ಇಂಡೆಕ್ಸ್ ಸಂಖ್ಯೆ ಅಥವಾ 'ಸಿಐ ಸಂಖ್ಯೆ' ಎನ್ನುತ್ತಾರೆ. ವ್ಯಾಪಾರಿ ಹೆಸರು ಏನೇ ಇದ್ದರೂ ಈ ಸಂಖ್ಯೆ ಬದಲಾಗುವುದಿಲ್ಲ. ಪೊಟ್ಟಣ ಓದುವವರಿಗೆ ಇದೇ ಕೀಲಿಕೈ.

ಕೃತಕ ಬಣ್ಣ ಬಂದ ಬಗೆ

1856ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಪರ್ಕಿನ್ ಎಂಬ 18 ವರ್ಷದ ತರುಣ ಮಲೇರಿಯಾಕ್ಕೆ ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಬಣ್ಣವೊಂದನ್ನು ಕಂಡುಹಿಡಿದ. ಅಲ್ಲಿಂದ ಕೃತಕ ಬಣ್ಣಗಳ ಉದ್ಯಮ ಬೆಳೆಯಿತು. ಮೊದಲು ಬಟ್ಟೆಗೆ, ಬಳಿಕ ಆಹಾರಕ್ಕೆ, ಮುಖಕ್ಕೆ ಆ ಬಣ್ಣಗಳು ಬಂದವು. ಬಟ್ಟೆಗೆ ಸರಿಹೋದದ್ದು ಮೈಗೂ ಸರಿ ಎಂದು ಭಾವಿಸಿದ್ದರಿಂದ ಅನಾಹುತಗಳಾದವು.

1933ರಲ್ಲಿ ಅಮೆರಿಕದಲ್ಲಿ 'ಲ್ಯಾಶ್ ಲೂರ್' ಎಂಬ ರೆಪ್ಪೆಗೂದಲಿನ ಬಣ್ಣ ಹಚ್ಚಿಕೊಂಡ ಮಹಿಳೆಯರು ದೃಷ್ಟಿ ಕಳೆದುಕೊಂಡ ಪ್ರಕರಣಗಳು ಬೆಳಕಿಗೆ ಬಂದವು. ಒಬ್ಬ ಮಹಿಳೆ ಪ್ರಾಣವನ್ನೂ ಕಳೆದುಕೊಂಡರು. ಅದರಲ್ಲಿದ್ದದ್ದು ಪ್ಯಾರಾ ಫಿನೈಲಿನ್ ಡೈಅಮೀನ್, ಅಂದರೆ ಇಂದಿಗೂ ಕಪ್ಪು ಹೇರ್ ಡೈಗಳಲ್ಲಿ ಬಳಕೆಯಲ್ಲಿರುವ 'ಪಿಪಿಡಿ'. ಇಂಥ ಪ್ರಕರಣಗಳ ಹಿನ್ನೆಲೆಯಲ್ಲಿ 1938ರಲ್ಲಿ ಅಮೆರಿಕ ಶೃಂಗಾರ ಸಾಮಗ್ರಿಗಳನ್ನೂ ಕಾನೂನಿನ ವ್ಯಾಪ್ತಿಗೆ ತಂದಿತು.

ಅನುಮತಿಯ ಪಟ್ಟಿ ಒಮ್ಮೆ ಬರೆದು ಮುಗಿಸುವಂಥದ್ದಲ್ಲ. ಎರಿಥ್ರೋಸಿನ್ ಎಂಬ ಕೆಂಪು ಬಣ್ಣವು (ಸಿಐ 45430) ಗಂಡು ಇಲಿಗಳಲ್ಲಿ ಥೈರಾಯ್ಡ್ ಗೆಡ್ಡೆಗೆ ಕಾರಣವಾದದ್ದು ಕಂಡುಬಂದ ಮೇಲೆ ಅಮೆರಿಕ 1990ರಲ್ಲಿ ಅದನ್ನು ಶೃಂಗಾರ ಸಾಮಗ್ರಿಗಳಿಂದ ತೆಗೆದುಹಾಕಿತು. ಆಹಾರದಲ್ಲಿ ಅದರ ಅನುಮತಿ ರದ್ದಾದದ್ದು 2025ರ ಜನವರಿಯಲ್ಲಿ. ರೋಡಮೈನ್ ಬಿ (ಸಿಐ 45170) ಎಂಬ ಹೊಳೆಯುವ ಗುಲಾಬಿ ಬಣ್ಣ ಅಮೆರಿಕದ ಪಟ್ಟಿಯಿಂದ ಹೊರಬಿದ್ದದ್ದು 1988ರಲ್ಲಿ.

ಭಾರತದ ಕಾನೂನು ಏನು ಹೇಳುತ್ತದೆ

1940ರ ಔಷಧ ಕಾಯ್ದೆಗೆ 1962ರ ತಿದ್ದುಪಡಿಯಲ್ಲಿ ಶೃಂಗಾರ ಸಾಮಗ್ರಿಗಳೂ ಸೇರಿ ಅದು 'ಔಷಧ ಮತ್ತು ಕಾಂತಿವರ್ಧಕ ಕಾಯ್ದೆ' ಆಯಿತು. 2020ರ ಡಿಸೆಂಬರ್‌ನಿಂದ ಪ್ರತ್ಯೇಕ 'ಕಾಂತಿವರ್ಧಕ ನಿಯಮಗಳು' ಜಾರಿಯಲ್ಲಿವೆ. ಬಳಸಬಹುದಾದ ಬಣ್ಣಗಳ ಪಟ್ಟಿ ಭಾರತೀಯ ಮಾನಕ ಬ್ಯೂರೋದ ಐಎಸ್ 4707 ಎಂಬ ಮಾನಕದ ಮೊದಲ ಭಾಗದಲ್ಲಿದೆ.

ಮುಖ್ಯ ಅಂಶಗಳು ಇವು:

• ಶೃಂಗಾರ ಸಾಮಗ್ರಿಯಲ್ಲಿ ಬಳಸುವ ಸಾವಯವ ಬಣ್ಣದಲ್ಲಿ, ಅದು ಕೃತಕವಿರಲಿ ನೈಸರ್ಗಿಕವಿರಲಿ, ಆರ್ಸೆನಿಕ್ 10 ಲಕ್ಷದಲ್ಲಿ 2 ಭಾಗ, ಸೀಸ 20 ಭಾಗ, ಇತರ ಭಾರ ಲೋಹಗಳು ಒಟ್ಟು 100 ಭಾಗ ಮೀರಬಾರದು.
• ಬಣ್ಣ ಕೊಡಲೆಂದು ಸೀಸದ ಅಥವಾ ಆರ್ಸೆನಿಕ್‌ನ ಸಂಯುಕ್ತಗಳನ್ನು ಬಳಸುವಂತಿಲ್ಲ.
• ಅನುಮತಿಯಿಲ್ಲದ ಬಣ್ಣವಿರುವ, ಸರಿಯಾದ ಲೇಬಲ್ ಇಲ್ಲದ ಅಥವಾ ದಾರಿತಪ್ಪಿಸುವ ಹೇಳಿಕೆಯಿರುವ ಸಾಮಗ್ರಿಯನ್ನು ಕಾಯ್ದೆಯ 17ಸಿ ಕಲಂ ತಪ್ಪು ಗುರುತಿನ ಸಾಮಗ್ರಿ ಎಂದು ಪರಿಗಣಿಸುತ್ತದೆ. ಅದರ ತಯಾರಿಕೆಯೂ ಮಾರಾಟವೂ ಅಪರಾಧ.
• ಕೊಂಡವರು ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಸಾಮಗ್ರಿಯನ್ನು ಪರೀಕ್ಷೆ ಮಾಡಿಸಿಕೊಳ್ಳಲು 26ನೇ ಕಲಂ ಅವಕಾಶ ಕೊಡುತ್ತದೆ. ಮಾನ್ಯತೆ ಪಡೆದ ಗ್ರಾಹಕ ಸಂಘಗಳಿಗೂ ಈ ಹಕ್ಕಿದೆ. ಬಳಸಿಕೊಳ್ಳುವವರು ಕಡಿಮೆ ಎಂಬುದಷ್ಟೇ ಕೊರತೆ.
• 2014ರಲ್ಲಿ ಭಾರತ ಶೃಂಗಾರ ಸಾಮಗ್ರಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತು. ಅದೇ ವರ್ಷ ಹಾಗೆ ಪರೀಕ್ಷಿಸಿದ ವಿದೇಶಿ ಸಾಮಗ್ರಿಗಳ ಆಮದನ್ನೂ ನಿಲ್ಲಿಸಿತು. ಅಹಿಂಸೆಯನ್ನು ನಂಬುವ ಸಮಾಜಕ್ಕೆ ಇದು ದೊಡ್ಡ ಸಮಾಧಾನ.

'ನೈಸರ್ಗಿಕ' ಎಂದರೆ ಅಹಿಂಸಕ ಎಂದಲ್ಲ

ತುಟಿಗೆ, ಕೆನ್ನೆಗೆ ಹಚ್ಚುವ ಕೆಂಪು, ಗುಲಾಬಿ ಬಣ್ಣಗಳಲ್ಲಿ ಬಳಕೆಯಾಗುವ ಕಾರ್ಮೈನ್ (ಸಿಐ 75470) ಪಾಪಸ್‌ಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಕೀಟದಿಂದ ಬರುತ್ತದೆ. ದಕ್ಷಿಣ ಅಮೆರಿಕದ ಪೆರು ದೇಶ ಇದರ ಪ್ರಮುಖ ಉತ್ಪಾದಕ. ಹೆಣ್ಣು ಕೀಟಗಳನ್ನು ಕೊಂದು ಒಣಗಿಸಿ ಬಣ್ಣ ತೆಗೆಯುತ್ತಾರೆ. ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಬಣ್ಣಕ್ಕೆ ಸುಮಾರು 70 ಸಾವಿರ ಕೀಟಗಳು ಬೇಕು ಎಂಬ ಲೆಕ್ಕವಿದೆ. ಕೆಲವರಿಗೆ ಕಾರ್ಮೈನ್ ತೀವ್ರ ಅಲರ್ಜಿಯನ್ನೂ ತರುತ್ತದೆ. ಹೀಗಾಗಿ ಅಮೆರಿಕದಲ್ಲಿ 2011ರಿಂದ ಅದನ್ನು ಹೆಸರು ಹಿಡಿದೇ ಲೇಬಲ್ ಮೇಲೆ ಬರೆಯಬೇಕು. "ಸಹಜ ಬಣ್ಣ", "ಕೆಮಿಕಲ್ ಇಲ್ಲ" ಎಂಬ ಮಾತಿನ ಹಿಂದೆ ಕಾರ್ಮೈನ್ ಇರಬಹುದು. ಆ ಮಾತು ಸುಳ್ಳೂ ಆಗಿರುವುದಿಲ್ಲ.

ಜೈನ ಕುಟುಂಬಗಳು ಗಮನಿಸಬೇಕಾದ ಇತರ ಪ್ರಾಣಿಮೂಲದ ವಸ್ತುಗಳು ಹೀಗಿವೆ:

• ಸಿಐ 75170, ಗ್ವಾನಿನ್: ಮೀನಿನ ಪೊರೆಯಿಂದ ತೆಗೆದ ಮುತ್ತಿನ ಹೊಳಪು. ಉಗುರು ಬಣ್ಣ, ಕಣ್ಣಿನ ಬಣ್ಣಗಳಲ್ಲಿ ಇರಬಹುದು. ಅಭ್ರಕದಿಂದಲೂ (ಸಿಐ 77019) ಅಂಥದೇ ಹೊಳಪು ಬರುತ್ತದೆ.
• ಸಿಐ 75450: ಅರಗಿನ ಹುಳುವಿನಿಂದ ಬರುವ ಕೆಂಪು.
• ಶೆಲ್ಯಾಕ್: ಅದೇ ಹುಳುವಿನ ಅರಗು. ಬಣ್ಣವಲ್ಲದಿದ್ದರೂ ಉಗುರು ಬಣ್ಣ, ಮಸ್ಕಾರ, ಹೇರ್ ಸ್ಪ್ರೇಗಳಲ್ಲಿ ಬಳಕೆಯಾಗುತ್ತದೆ.
• ಸಿಐ 77267: ಮೂಳೆ ಸುಟ್ಟು ಮಾಡಿದ ಕಪ್ಪು.

ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯಲ್ಲೂ ಹಿಂಸೆಯ ಹೊಣೆ ತಗಲುತ್ತದೆ ಎಂಬುದು ಜೈನ ಆಚಾರದ ಮೂಲ ಪಾಠ. ಗೃಹಸ್ಥರಿಗೆ ಏಕೇಂದ್ರಿಯ ಸ್ಥಾವರ ಜೀವಗಳ ಹಿಂಸೆ ಪೂರ್ತಿ ತಪ್ಪುವುದಿಲ್ಲವಾದರೂ ತ್ರಸ ಜೀವಗಳ ಸಂಕಲ್ಪಿತ ಹಿಂಸೆಯನ್ನು ಬಿಡುವುದೇ ಅಹಿಂಸಾಣುವ್ರತ. ಕೀಟಗಳನ್ನು ಬಣ್ಣಕ್ಕಾಗಿಯೇ ಸಾಕಿ ಕೊಲ್ಲುವ ಕೆಲಸಕ್ಕೆ ಬೇಡಿಕೆ ಬರುವುದು ಕೊಳ್ಳುವವರಿಂದ. ಹೀಗಾಗಿ ಲಿಪ್‌ಸ್ಟಿಕ್ ಕೊಳ್ಳುವ ಹೆಣ್ಣುಮಗಳು 75470 ಎಂಬ ಒಂದೇ ಸಂಖ್ಯೆಯನ್ನು ನೆನಪಿಟ್ಟುಕೊಂಡರೂ ದೊಡ್ಡ ಹಿಂಸೆಯೊಂದರಿಂದ ದೂರ ಉಳಿಯಬಹುದು. ಈ ದೃಷ್ಟಿಯಿಂದ ಮಾತ್ರ ನೋಡಿದರೆ ಸಿಐ 15850ರಂಥ ಕೃತಕ ಕೆಂಪು ಅಥವಾ ಸಿಐ 77491 ಎಂಬ ಕಬ್ಬಿಣದ ಕೆಂಪು ಕಾರ್ಮೈನ್‌ಗಿಂತ ಮೇಲು.

ಸೋಪು, ಶಾಂಪೂ, ಟೂತ್‌ಪೇಸ್ಟ್ ಮತ್ತಿತರ ಶೃಂಗಾರ ಸಾಮಗ್ರಿಗಳ ಪೊಟ್ಟಣದ ಮೇಲೆ ಸಸ್ಯಮೂಲಕ್ಕೆ ಹಸಿರು, ಪ್ರಾಣಿಮೂಲಕ್ಕೆ ಕೆಂಪು ಅಥವಾ ಕಂದು ಚುಕ್ಕೆ ಹಾಕಬೇಕೆಂಬ ಮಾತು 2014ರಲ್ಲಿ ಪೊಟ್ಟಣ ಸಾಮಗ್ರಿಗಳ ನಿಯಮಕ್ಕೆ ಸೇರಿತು. ಆದರೆ ಅಂಗಡಿಯಲ್ಲಿ ಎಲ್ಲ ಪೊಟ್ಟಣಗಳ ಮೇಲೂ ಆ ಚುಕ್ಕೆ ಕಾಣುವುದಿಲ್ಲ. ಚುಕ್ಕೆ ಇಲ್ಲದಿದ್ದಾಗ ಪದಾರ್ಥಗಳ ಪಟ್ಟಿಯನ್ನೇ ಓದಬೇಕು.

ಕುಂಕುಮ

'ಕುಂಕುಮ' ಎಂಬ ಸಂಸ್ಕೃತ ಶಬ್ದದ ಮೂಲ ಅರ್ಥ ಕೇಸರಿ. ಇಂದು ಹಣೆಗಿಡುವ ಕೆಂಪು ಪುಡಿಗೆ ಆ ಹೆಸರು ನಿಂತಿದೆ. ಈ ಪುಡಿಯ ಹಳೆಯ ಬಗೆ ಅರಿಶಿನದಿಂದ ತಯಾರಾಗುವಂಥದ್ದು. ಅರಿಶಿನದ ಕರ್ಕ್ಯುಮಿನ್ ಸುಣ್ಣದಂಥ ಕ್ಷಾರ ಸೇರಿದಾಗ ಕೆಂಪಾಗುತ್ತದೆ. ನಿಂಬೆರಸ ಮತ್ತು ಬಿಳಿಗಾರ ಸೇರಿಸಿ ಒಣಗಿಸುವ ಕ್ರಮದಲ್ಲಿ ಬಿಳಿಗಾರದ ಬೋರಾನ್ ಕರ್ಕ್ಯುಮಿನ್ ಜೊತೆ ಕೂಡಿ ಕೆಂಪು ಬರುತ್ತದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಿಂಬೆ ಬೆಳೆಯುವ ಇಂಡಿ ಸೀಮೆಯಲ್ಲಿ ಕುಂಕುಮಕ್ಕೆ ಬೇಕಾದ ನಿಂಬೆಹಣ್ಣಿಗಂತೂ ಕೊರತೆಯಿಲ್ಲ.

ಈಗ ಅಗ್ಗಕ್ಕೆ ಸಿಗುವ ಕುಂಕುಮದಲ್ಲಿ ಹೆಚ್ಚಿನದು ಬಿಳಿ ಪುಡಿಗೆ ಕೃತಕ ಬಣ್ಣ ಬೆರೆಸಿದ್ದು. ದಿನವೂ ಒಂದೇ ಜಾಗಕ್ಕೆ ಹಚ್ಚುವುದರಿಂದ ಕೆಲವರಿಗೆ ಹಣೆಯಲ್ಲಿ ತುರಿಕೆ, ಗುಳ್ಳೆ, ಬಳಿಕ ಕಂದು ಕಪ್ಪು ಕಲೆ ಉಳಿಯುತ್ತದೆ. ಚರ್ಮರೋಗ ತಜ್ಞರು ಇದನ್ನು ಕುಂಕುಮದ ಸಂಪರ್ಕ ಚರ್ಮಬೇನೆ ಎಂದು ಗುರುತಿಸಿದ್ದಾರೆ. ಸೂಡಾನ್ 1, ಬ್ರಿಲಿಯಂಟ್ ಲೇಕ್ ರೆಡ್ ಆರ್ ಎಂಬ ಬಣ್ಣಗಳು ಇದಕ್ಕೆ ಕಾರಣವಾಗುವವುಗಳಲ್ಲಿ ಮುಖ್ಯ. ಜಪಾನಿನಲ್ಲಿ 1970ರ ದಶಕದಲ್ಲಿ ಮುಖದ ಮೇಲೆ ಕಪ್ಪು ಕಲೆ ಹರಡುತ್ತಿದ್ದ ರೋಗಕ್ಕೂ ಇಂಥ ಬಣ್ಣಗಳೇ ಕಾರಣವೆಂದು ತಿಳಿದು, ಅವನ್ನು ಕೈಬಿಟ್ಟ ಮೇಲೆ ರೋಗ ಇಳಿಮುಖವಾಯಿತು.

ಮನೆಯಲ್ಲಿ ಮಾಡಬಹುದಾದ ಎರಡು ಸರಳ ಪರೀಕ್ಷೆಗಳಿವೆ. ಲೋಟದ ನೀರಿಗೆ ಚಿಟಿಕೆ ಕುಂಕುಮ ಹಾಕಿದಾಗ ಕೂಡಲೇ ನೀರೆಲ್ಲ ಹೊಳೆಯುವ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದರಲ್ಲಿ ನೀರಿಗೆ ಕರಗುವ ಕೃತಕ ಬಣ್ಣವಿದೆ. ಸುಣ್ಣದಿಂದ ಕೆಂಪಾದ ಅರಿಶಿನವಾದರೆ ನಿಂಬೆರಸ ಹಿಂಡಿದಾಗ ಮತ್ತೆ ಹಳದಿಗೆ ತಿರುಗುತ್ತದೆ. ಆದರೆ ನೀರಿಗೆ ಕರಗದ ಕೃತಕ ಬಣ್ಣಗಳೂ ಇವೆ, ಬಿಳಿಗಾರದ ಕುಂಕುಮ ನಿಂಬೆರಸಕ್ಕೆ ಹಳದಿಯಾಗುವುದೂ ಇಲ್ಲ. ಆದ್ದರಿಂದ ಈ ಪರೀಕ್ಷೆಗಳಿಂದ ಅನುಮಾನ ಹುಟ್ಟಬಹುದೇ ಹೊರತು ಶುದ್ಧತೆಯ ಪ್ರಮಾಣಪತ್ರ ಸಿಗುವುದಿಲ್ಲ.

ಮನೆಯಲ್ಲೇ ಕುಂಕುಮ ತಯಾರಿಸುವವರು ಅರಿಶಿನದ ಕೊಂಬು ತಂದು ಪುಡಿ ಮಾಡಿಸಿಕೊಳ್ಳುವುದು ಒಳ್ಳೆಯದು. ಬಿಡಿ ಪುಡಿಯಲ್ಲಿ ಮೆಟಾನಿಲ್ ಯೆಲ್ಲೋ ಎಂಬ ಕೃತಕ ಬಣ್ಣವೋ ಸೀಸವಿರುವ ಲೆಡ್ ಕ್ರೋಮೇಟೋ ಬೆರೆತಿರುವ ಸಾಧ್ಯತೆಯಿದೆ. ಸುಣ್ಣ, ಬಿಳಿಗಾರ ಸೇರಿದ ಕುಂಕುಮವನ್ನು ಕೂಸುಗಳ ಹಣೆಗೆ ಹಚ್ಚಬಾರದು, ಯಾರ ಬಾಯಿಗೂ ಹೋಗದಂತೆ ನೋಡಿಕೊಳ್ಳಬೇಕು.

ರಾಜಸ್ಥಾನ, ಗುಜರಾತ್ ಮೂಲದ ಜೈನ ಕುಟುಂಬಗಳಲ್ಲಿ ಬೈತಲೆಗೆ ಸಿಂಧೂರ ಹಚ್ಚುವ ರೂಢಿಯಿದೆ. ಹಳೆಯ ಸಿಂಧೂರದ ಕೆಂಪು ಸೀಸದ ಅಥವಾ ಪಾದರಸದ ಸಂಯುಕ್ತದಿಂದ ಬರುತ್ತಿತ್ತು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ನ್ಯೂಜೆರ್ಸಿ ಮತ್ತು ಭಾರತದಿಂದ ಸಂಗ್ರಹಿಸಿದ 118 ಮಾದರಿಗಳನ್ನು ಪರೀಕ್ಷಿಸಿದಾಗ ಹತ್ತರಲ್ಲಿ ಸುಮಾರು ಎಂಟು ಮಾದರಿಗಳಲ್ಲಿ ಸೀಸ ಪತ್ತೆಯಾಯಿತು. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ತಾಯಿಯ ಬೈತಲೆಯಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಅದು ಸುಲಭವಾಗಿ ಸಾಗುತ್ತದೆ.

ಪೂಜೆಯ ಕೇಸರಿ

ಜಿನಪೂಜೆಗೆ, ತಿಲಕಕ್ಕೆ ಕೇಸರಿ ಬಳಸುವ ಕುಟುಂಬಗಳು ಅನೇಕ. ದುಬಾರಿಯಾದ ಕಾರಣ ಬಣ್ಣ ಹಾಕಿದ ನಾರುಗಳನ್ನು ಕೇಸರಿಯೆಂದು ಮಾರುವುದುಂಟು. ನಿಜವಾದ ಕೇಸರಿಯ ಎಸಳು ನೀರಿನಲ್ಲಿ ನಿಧಾನವಾಗಿ ಹೊಂಬಣ್ಣ ಬಿಡುತ್ತದೆ, ಎಸಳು ಮಾತ್ರ ಕೆಂಪಾಗಿಯೇ ಉಳಿಯುತ್ತದೆ. ನಕಲಿಯಾದರೆ ಕ್ಷಣದಲ್ಲಿ ಕೆಂಪು ಹರಿದು ನಾರು ಬಿಳಿಚುತ್ತದೆ. ಶುದ್ಧ ಕೇಸರಿ ಕೊಳ್ಳಲಾಗದಿದ್ದರೆ ಚಂದನ ತೇಯ್ದು ಬಳಸುವುದು ಬಣ್ಣದ ನಾರಿಗಿಂತ ಎಷ್ಟೋ ಉತ್ತಮ.

ತುಟಿ, ಕಣ್ಣು, ಉಗುರು

ತುಟಿಗೆ ಹಚ್ಚಿದ್ದರಲ್ಲಿ ಸ್ವಲ್ಪ ಹೊಟ್ಟೆಗೂ ಹೋಗುತ್ತದೆ. ಆದ್ದರಿಂದ ತುಟಿಯ ಬಣ್ಣಕ್ಕೆ ಹೆಚ್ಚಿನ ಎಚ್ಚರ ಬೇಕು. ಸಿಐ 15850, ಸಿಐ 45380, ಸಿಐ 45410 ಲಿಪ್‌ಸ್ಟಿಕ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಕೃತಕ ಬಣ್ಣಗಳು. ಪರವಾನಗಿ ಪಡೆದ ತಯಾರಕರು ಮಿತಿಯಲ್ಲಿ ಬಳಸಿದಾಗ ಇವುಗಳಿಂದ ಬಹುಪಾಲು ಜನರಿಗೆ ತೊಂದರೆಯಿಲ್ಲ. ಕೆಲವರಿಗೆ ತುಟಿ ಒಡೆಯುವುದು, ಕಪ್ಪಾಗುವುದು ಉಂಟು, ಆಗ ಬಳಕೆ ನಿಲ್ಲಿಸಬೇಕು. ಅಪಾಯ ಹೆಚ್ಚಿರುವುದು ತಯಾರಕರ ಹೆಸರೇ ಇಲ್ಲದ ಹತ್ತಿಪ್ಪತ್ತು ರೂಪಾಯಿಯ ಮಾಲಿನಲ್ಲಿ. ಶಾಲಾ ಗ್ಯಾದರಿಂಗ್, ಛದ್ಮವೇಷ, ನಾಟಕಗಳಿಗೆ ಚಿಕ್ಕ ಮಕ್ಕಳ ತುಟಿ, ಕೆನ್ನೆಗೆ ಅಂಥದ್ದನ್ನು ಹಚ್ಚದಿರುವುದೇ ಲೇಸು.

ಕಾಡಿಗೆಯ ಕಪ್ಪು ದೀಪದ ಮಸಿಯಿಂದಲೋ ಇಂಗಾಲದಿಂದಲೋ ಬಂದರೆ ಒಂದು ಮಾತು. ಆದರೆ 'ಸುರ್ಮಾ' ಹೆಸರಿನ ಕೆಲವು ಪುಡಿಗಳು ಸೀಸದ ಅದಿರಿನಿಂದಲೇ ಮಾಡಿದವು. ಕೂಸುಗಳ ಕಣ್ಣೊಳಗೆ ಯಾವ ಕಾಡಿಗೆಯನ್ನೂ ಹಚ್ಚಬಾರದು ಎಂಬುದು ವೈದ್ಯರ ಸಲಹೆ. ದೃಷ್ಟಿಬೊಟ್ಟು ಇಡಲೇಬೇಕೆನ್ನುವವರು ಅಂಗಾಲಿಗೆ ಇಡಬಹುದು.

ಸ್ಟಿಕ್ಕರ್ ಬಿಂದಿಯ ಜಾಗದಲ್ಲಿ ಬಿಳಿ ಮಚ್ಚೆ ಬಂದರೆ ಅದಕ್ಕೆ ಬಣ್ಣಕ್ಕಿಂತ ಹಿಂಬದಿಯ ಅಂಟು ಕಾರಣವಾಗಿರಬಹುದು. ಬಿಂದಿ ಬಿಟ್ಟು ಚರ್ಮವೈದ್ಯರಿಗೆ ತೋರಿಸಬೇಕು.

ಹೇರ್ ಡೈ ಮತ್ತು ಕಪ್ಪು ಮೆಹಂದಿ

ಮನೆಬಳಕೆಯ ಬಣ್ಣಗಳಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಕಪ್ಪು ಹೇರ್ ಡೈಗೆ. ಇದರ ಪಿಪಿಡಿ ಕೂದಲೊಳಗೆ ಸೇರಿ ಗಾಳಿ ಅಥವಾ ಪೆರಾಕ್ಸೈಡ್ ಜೊತೆ ಕೂಡಿ ಕಪ್ಪಾಗುತ್ತದೆ. ಐರೋಪ್ಯ ಒಕ್ಕೂಟ ತಲೆಗೆ ಹಚ್ಚುವ ಮಿಶ್ರಣದಲ್ಲಿ ಇದಕ್ಕೆ ಶೇ 2ರ ಮಿತಿ ಹಾಕಿದೆ. ಭಾರತದ ನಿಯಮದಂತೆ ಇಂಥ ಡೈ ಪೊಟ್ಟಣದ ಮೇಲೆ ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಗಳಲ್ಲಿ ಎಚ್ಚರಿಕೆ ಇರಬೇಕು: ಮೊದಲು ಚರ್ಮದ ಮೇಲೆ ಪರೀಕ್ಷಿಸಬೇಕು, ಹುಬ್ಬಿಗೆ, ರೆಪ್ಪೆಗೆ ಹಚ್ಚಬಾರದು, ಹಚ್ಚಿದರೆ ಕುರುಡುತನ ಬರಬಹುದು. 1933ರ ಪಾಠವೇ ಇಲ್ಲಿಯೂ ಇದೆ.

ಪರೀಕ್ಷೆಯ ಕ್ರಮ ಸರಳ. ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ನಾಲ್ಕಾಣೆ ಅಗಲದಷ್ಟು ಜಾಗ ತೊಳೆದು ಒರೆಸಿ, ಸ್ವಲ್ಪ ಡೈ ಹಚ್ಚಿ ಒಣಗಲು ಬಿಡಬೇಕು. ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ ಕಾಯಬೇಕು. ಕೆಂಪು, ತುರಿಕೆ, ಊತ ಏನೇ ಕಂಡರೂ ಆ ಡೈ ಅವರಿಗಲ್ಲ. ಹತ್ತು ವರ್ಷ ಏನೂ ಆಗದವರಿಗೂ ಹನ್ನೊಂದನೆಯ ವರ್ಷ ಅಲರ್ಜಿ ಶುರುವಾಗಬಹುದು, ಆದ್ದರಿಂದ ಪ್ರತಿ ಸಲವೂ ಪರೀಕ್ಷೆ ಬೇಕು.

ಮದರಂಗಿ ಎಲೆಯ ಲಾಸೋನ್ ಎಂಬ ವರ್ಣ ಕೈಗೆ ಕಿತ್ತಳೆ, ಕೆಂಗಂದು ಬಣ್ಣ ಕೊಡುತ್ತದೆ, ಅದೂ ಹಲವು ಗಂಟೆ ಬಿಟ್ಟಾಗ. ಅರ್ಧ ಗಂಟೆಯಲ್ಲಿ ಕಡುಗಪ್ಪಾಗುವ 'ಕಪ್ಪು ಮೆಹಂದಿ'ಯಲ್ಲಿ ಪಿಪಿಡಿ ಬೆರೆತಿರುವ ಸಂಭವವೇ ಹೆಚ್ಚು. ಅದರಿಂದ ಕೈಮೇಲೆ ಬೊಬ್ಬೆ ಎದ್ದು, ಚಿತ್ತಾರದ ಆಕಾರದಲ್ಲೇ ಕಲೆ ಉಳಿದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಒಮ್ಮೆ ಪಿಪಿಡಿಗೆ ದೇಹ ಒಗ್ಗದಂತಾದರೆ ಆ ಅಲರ್ಜಿ ಜೀವನಪೂರ್ತಿ ಉಳಿಯುತ್ತದೆ. ಮುಂದೆ ಹೇರ್ ಡೈ, ಕೆಲವು ಗಾಢ ಬಣ್ಣದ ಬಟ್ಟೆಗಳೂ ಆಗಿಬರುವುದಿಲ್ಲ. ಮದುವೆ ಮನೆಯಲ್ಲಿ ಮದುಮಗಳಿಗೂ ಮಕ್ಕಳಿಗೂ ಎಲೆ ಅರೆದ ಅಥವಾ ಪದಾರ್ಥಗಳ ಪಟ್ಟಿಯಿರುವ ಮದರಂಗಿಯನ್ನಷ್ಟೇ ಬಳಸಬೇಕು.

ಡೈ ಬಾಯಿಗೆ ಹೋದರೆ

ಹೇರ್ ಡೈ ಕುಡಿದು ಆಸ್ಪತ್ರೆ ಸೇರಿದವರ ಪ್ರಕರಣಗಳು ದಕ್ಷಿಣ ಭಾರತದ ವೈದ್ಯಕೀಯ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆಲವು ಆಕಸ್ಮಿಕ, ಹೆಚ್ಚಿನವು ಮನಸ್ಸಿನ ಸಂಕಟದ ಗಳಿಗೆಯಲ್ಲಿ ಆದವು. ಕೆಲವೇ ಗಂಟೆಗಳಲ್ಲಿ ಮುಖ, ಕುತ್ತಿಗೆ, ನಾಲಿಗೆ ಊದಿ ಉಸಿರಾಟದ ದಾರಿ ಕಟ್ಟುತ್ತದೆ. ಬಳಿಕ ಸ್ನಾಯುಗಳು ಹಾಳಾಗಿ, ಮೂತ್ರ ಕಡುಗಂದಾಗಿ, ಮೂತ್ರಪಿಂಡ ಕೆಲಸ ನಿಲ್ಲಿಸಬಹುದು. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಬೇಗ ಆಸ್ಪತ್ರೆ ಮುಟ್ಟಿಸುವುದೇ ಪ್ರಾಣ ಉಳಿಸುವ ದಾರಿ.

• ಕೂಡಲೇ 108ಕ್ಕೆ ಕರೆ ಮಾಡಬೇಕು. "ಈಗ ಚೆನ್ನಾಗಿದ್ದಾರೆ" ಎಂದು ಕಾಯಬಾರದು.
• ವಾಂತಿ ಮಾಡಿಸಬಾರದು. ಉಪ್ಪುನೀರು, ಎಣ್ಣೆ ಕುಡಿಸಬಾರದು.
• ಡೈ ಪೊಟ್ಟಣ ಅಥವಾ ಬಾಟಲಿಯನ್ನು ಜೊತೆಗೇ ಒಯ್ಯಬೇಕು.
• ಉಸಿರಿನ ನಳಿಕೆ ಹಾಕುವ ಮತ್ತು ಡಯಾಲಿಸಿಸ್ ಸೌಲಭ್ಯವಿರುವ ಆಸ್ಪತ್ರೆ ಬೇಕಾಗಬಹುದು, ಹಾಗಾಗಿ ಹತ್ತಿರದ ಆಸ್ಪತ್ರೆಯಲ್ಲಿ ಪ್ರಥಮ ಚಿಕಿತ್ಸೆ ಪಡೆದು ವೈದ್ಯರ ಮಾತಿನಂತೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮನೆಯಲ್ಲಿ ಡೈ ಉಳಿಸಿ ಇಡದೆ, ಬೇಕಾದಷ್ಟೇ ತಂದು ಅಂದೇ ಮುಗಿಸುವುದು ಒಳ್ಳೆಯ ರೂಢಿ. ಮನೆಮಂದಿಯಲ್ಲಿ ಯಾರಾದರೂ ಕುಗ್ಗಿದ್ದರೆ, ಸಾಯುವ ಮಾತಾಡಿದರೆ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು.

ಕರ್ನಾಟಕದಲ್ಲಿ ನಡೆದದ್ದು

ಕೃತಕ ಬಣ್ಣದ ಬಗ್ಗೆ ರಾಜ್ಯದ ಜನ ಎಚ್ಚೆತ್ತದ್ದು ಆಹಾರದ ಮೂಲಕ. 2024ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತವೆಂದು, 25 ಬೊಂಬಾಯಿ ಮಿಠಾಯಿ ಮಾದರಿಗಳಲ್ಲಿ 15ರಲ್ಲಿ ಕೃತಕ ಬಣ್ಣವಿದೆಯೆಂದು ಕಂಡುಬಂದಿತ್ತು. ಅಲ್ಲಿ ಸಿಕ್ಕ ಬಣ್ಣಗಳಲ್ಲಿ ರೋಡಮೈನ್ ಬಿ ಕೂಡ ಒಂದು.

2025ರಲ್ಲಿ ಸರ್ಕಾರದ ಗಮನ ಮೈಯ ಕಡೆಗೂ ಹರಿಯಿತು. ಹಚ್ಚೆಯ ಶಾಯಿಯ ಮಾದರಿಗಳಲ್ಲಿ ಆರ್ಸೆನಿಕ್, ಕ್ರೋಮಿಯಂ ಸೇರಿ 22 ಲೋಹಗಳು ಸಿಕ್ಕಿವೆ ಎಂದು ರಾಜ್ಯದ ಆರೋಗ್ಯ ಇಲಾಖೆ ತಿಳಿಸಿತು. ಹಚ್ಚೆಯ ಶಾಯಿಗೆ ಮಾನಕ ರೂಪಿಸಬೇಕೆಂದು ಕೇಂದ್ರವನ್ನು ಕೇಳುವುದಾಗಿ ಹೇಳಿತು.

ತಿನ್ನುವ ಬಣ್ಣದ ಬಗ್ಗೆ ಇಷ್ಟು ಎಚ್ಚರ ವಹಿಸುವ ಕುಟುಂಬ ಹಚ್ಚುವ ಬಣ್ಣದ ಬಗ್ಗೆಯೂ ಅಷ್ಟೇ ಎಚ್ಚರ ವಹಿಸಬೇಕು.

ಕೊಳ್ಳುವಾಗ ನೋಡಬೇಕಾದದ್ದು

1. ತಯಾರಕರ ಹೆಸರು, ಪೂರ್ತಿ ವಿಳಾಸ ಇದೆಯೇ?
2. ತಯಾರಿಕಾ ಪರವಾನಗಿ ಸಂಖ್ಯೆ ಇದೆಯೇ? ವಿದೇಶಿ ಮಾಲಾದರೆ ಆಮದು ನೋಂದಣಿ ಸಂಖ್ಯೆ ಇದೆಯೇ?
3. ಬ್ಯಾಚ್ ಸಂಖ್ಯೆ, ಬಳಸಬೇಕಾದ ಕೊನೆಯ ದಿನಾಂಕ ಇದೆಯೇ?
4. ಪದಾರ್ಥಗಳ ಪಟ್ಟಿ ಇದೆಯೇ? ಬಣ್ಣಗಳು ಸಾಮಾನ್ಯವಾಗಿ ಪಟ್ಟಿಯ ಕೊನೆಯಲ್ಲಿ ಸಿಐ ಸಂಖ್ಯೆಯೊಂದಿಗೆ ಇರುತ್ತವೆ.
5. 75470, 75170, 75450, 77267 ಸಂಖ್ಯೆಗಳಾಗಲಿ ಕಾರ್ಮೈನ್, ಶೆಲ್ಯಾಕ್, ಗ್ವಾನಿನ್ ಹೆಸರುಗಳಾಗಲಿ ಕಂಡರೆ ಅದು ಪ್ರಾಣಿಮೂಲದ್ದು.
6. ಹಚ್ಚುವ ಜಾಗಕ್ಕೆಂದೇ ಮಾಡಿದ ಸಾಮಗ್ರಿಯೇ? ಕೆನ್ನೆಯ ಬಣ್ಣವನ್ನು ಕಣ್ಣಿಗೆ, ರಂಗೋಲಿ ಅಥವಾ ಓಕುಳಿಯ ಪುಡಿಯನ್ನು ಹಣೆಗೆ ಬಳಸಬಾರದು.

ತೊಂದರೆಯಾದರೆ ಪೊಟ್ಟಣ, ರಸೀದಿ ಎರಡನ್ನೂ ಇಟ್ಟುಕೊಂಡು ವೈದ್ಯರನ್ನು ಕಾಣಬೇಕು. ರಾಜ್ಯದ ಔಷಧ ಆಡಳಿತದ ಜಿಲ್ಲಾ ಕಚೇರಿಗೆ ಲಿಖಿತ ದೂರು ಕೊಡಬಹುದು.

ವ್ಯಾಪಾರಿ ಕುಟುಂಬಗಳಿಗೆ

ಕಿರಾಣಿ, ಬಳೆ, ಫ್ಯಾನ್ಸಿ ಅಂಗಡಿ ನಡೆಸುವ ಜೈನ ಕುಟುಂಬಗಳು ರಾಜ್ಯದ ಎಲ್ಲೆಡೆ ಇವೆ. ಶೃಂಗಾರ ಸಾಮಗ್ರಿಗಳ ಚಿಲ್ಲರೆ ಮಾರಾಟಕ್ಕೆ ಔಷಧದಂತೆ ಪ್ರತ್ಯೇಕ ಪರವಾನಗಿ ಬೇಕಿಲ್ಲ, ಆದರೆ ತಪ್ಪು ಗುರುತಿನ ಅಥವಾ ನಕಲಿ ಮಾಲು ಮಾರಿದರೆ ಹೊಣೆ ತಪ್ಪುವುದಿಲ್ಲ. ಬಿಲ್ಲು ಕೊಡುವ ಸಗಟು ವ್ಯಾಪಾರಿಯಿಂದಲೇ ಮಾಲು ತರುವುದು, ಬಿಡಿ ಕುಂಕುಮದ ಬದಲು ಲೇಬಲ್ ಇರುವ ಪೊಟ್ಟಣ ಇಡುವುದು, ಹೇರ್ ಡೈಯನ್ನು ಮಕ್ಕಳ ಕೈಗೆ ಕೊಡದಿರುವುದು ಕನಿಷ್ಠ ಎಚ್ಚರಗಳು.

ಶ್ರಾವಕರು ಬಿಡಬೇಕಾದ 15 ಕರ್ಮಾದಾನಗಳನ್ನು ಹೇಳುವಾಗ ಉಪಾಸಕದಶಾಂಗ ಸೂತ್ರವು ಲಾಕ್ಷಾ ವಾಣಿಜ್ಯ, ಅಂದರೆ ಅರಗಿನ ವ್ಯಾಪಾರವನ್ನೂ ವಿಷ ವಾಣಿಜ್ಯವನ್ನೂ ಹೆಸರಿಸುತ್ತದೆ. ಅರಗಿನಲ್ಲಿ ಕೀಟಗಳ ಹಿಂಸೆ, ವಿಷದಲ್ಲಿ ಬಳಸಿದವರ ಹಿಂಸೆ. ಇಂದಿನ ಶೃಂಗಾರ ಸಾಮಗ್ರಿಗಳ ಬಗ್ಗೆ ಏಳುವ ಎರಡು ಪ್ರಶ್ನೆಗಳೂ ಆ ಹಳೆಯ ಪಟ್ಟಿಯಲ್ಲಿ ಆಗಲೇ ಇವೆ.

ಗೃಹಸ್ಥರಿಗೆ ಶೃಂಗಾರ ನಿಷಿದ್ಧವಲ್ಲ. ಅದಕ್ಕೊಂದು ಮಿತಿ ಹಾಕಿಕೊಳ್ಳಲು ಭೋಗೋಪಭೋಗ ಪರಿಮಾಣ ವ್ರತ ಹೇಳುತ್ತದೆ. ದಶಲಕ್ಷಣ ಅಥವಾ ಪರ್ಯೂಷಣ ಪರ್ವದ ದಿನಗಳಲ್ಲಿ ಅನೇಕ ಶ್ರಾವಿಕೆಯರು ಶೃಂಗಾರ ಸಾಮಗ್ರಿಗಳನ್ನು ಬಿಡುತ್ತಾರೆ. ಆ ದಿನಗಳಲ್ಲಿ ಮನೆಯ ಡಬ್ಬಿಯಲ್ಲಿರುವ ಪೊಟ್ಟಣಗಳನ್ನೆಲ್ಲ ಒಮ್ಮೆ ತೆಗೆದು ಓದಿ, ಹೆಸರಿಲ್ಲದ್ದನ್ನು, ಅವಧಿ ಮುಗಿದದ್ದನ್ನು, 75470 ಇರುವುದನ್ನು ಬೇರೆ ಮಾಡಿದರೆ, ಪರ್ವ ಮುಗಿದ ಮೇಲೆ ಉಳಿಯುವುದು ಮೈಗೂ ವ್ರತಕ್ಕೂ ಹೊಂದುವಂಥದ್ದಾಗಿರುತ್ತದೆ.